ನಾದದ ನಂಟಸ್ತನ: ‘ಕಿನ್ಸ್‌ಮೆನ್’ ಮುದ್ರಿಕೆಯ ವಿಮರ್ಶೆ

ಸಾಹಿತ್ಯಕ್ಕಾಗಿ ಮೀಸಲಾದ ಈ ಪತ್ರಿಕೆಯಲ್ಲಿ ಒಂದು ಮಾತೂ ಇಲ್ಲದ ಸಂಗೀತದ ಮುದ್ರಿಕೆಗೆ ಇಷ್ಟೊಂದು ಪುಟಗಳೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕನ್ನಡದ ಹೆಸರಿನಲ್ಲಿ ಕೂಡಿದ ಸಂಘ ನಮ್ಮದು. ಮಾತೇ ಅದರ ಬಂಡವಾಳ. ಹೊಸೂರು, ತಳಿ, ದೆಂಕಣಿಕೋಟೆ, ಕೃಷ್ಣಗಿರಿಗಳ ಸುತ್ತಿನಲ್ಲಿ ಮನೆಯೊಳಗೆ ಒಂದು ನುಡಿ, ಅಂಗಡಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂದು ಬದುಕುವ ನಮಗೆ, ಕನ್ನಡವೆಂದರೆ ಮೊದಲು ನೆನಪಾಗುವುದು ಅದರ ಅಕ್ಷರ, ಅದರ ಪುಸ್ತಕ, ಅದರ ಪಾಠಶಾಲೆ. ಶಬ್ದವೇ ಇಲ್ಲದ ಕಲಾಕೃತಿಯೊಂದು ಕನ್ನಡದ ವಿಚಾರವಾಗಿ ಏನನ್ನು ತಾನೇ ಹೇಳೀತು? ಹೇಳುತ್ತದೆಯೆಂಬುದೇ ನಮ್ಮ ಅಭಿಮತ. ಆದರೆ ಅದು ಹೇಳುವುದು ಸಭೆಗಳಲ್ಲಿ ನಾವು ಕೇಳಿ ರೂಢಿಯಾದ ಅಭಿಮಾನದ ಮಾತಲ್ಲ, ಅದಕ್ಕಿಂತ ಕಠಿನವಾದ ಮಾತು. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಮುದ್ರಿಕೆಯ ಹೆಸರು ‘ಕಿನ್ಸ್‌ಮೆನ್’. ನಂಟರು, ಬಂಧುಗಳು ಎಂದು ಕನ್ನಡದಲ್ಲಿ ಹೇಳಬಹುದು. 2008ರಲ್ಲಿ ಅಮೆರಿಕೆಯ ಪೈ ರೆಕಾರ್ಡಿಂಗ್ಸ್ ಎಂಬ ಸಂಸ್ಥೆ ಇದನ್ನು ಹೊರತಂದಿತು. ನುಡಿಸಿದವರು ‘ದಕ್ಷಿಣ ಆನ್‌ಸಾಂಬಲ್’ ಎಂಬ ವಾದ್ಯಮೇಳದವರು. ಆ ಮೇಳದ ಚೊಚ್ಚಲ ಮುದ್ರಿಕೆಯಿದು. ಮೇಳಕ್ಕೆ ಮುಖಂಡರು ಇಬ್ಬರು. ಒಬ್ಬರು ರುದ್ರೇಶ್ ಮಹಂತಪ್ಪ, ಇನ್ನೊಬ್ಬರು ಕದ್ರಿ ಗೋಪಾಲನಾಥ್. ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ವಾದ್ಯ, ಆಲ್ಟೊ ಸ್ಯಾಕ್ಸೊಫೋನ್. ಆದರೆ ಆ ವಾದ್ಯ ಇಬ್ಬರ ಕೈಗೂ ಬಂದ ದಾರಿ ಬೇರೆ ಬೇರೆ. ಆ ದಾರಿಗಳನ್ನು ಅರಿಯದೆ ಮುದ್ರಿಕೆಯ ಮರ್ಮ ತಿಳಿಯುವಂತಿಲ್ಲ.

ಸ್ಯಾಕ್ಸೊಫೋನನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್. 1846ರಲ್ಲಿ ಪ್ಯಾರಿಸಿನಲ್ಲಿ ಅವನಿಗೆ ಅದರ ಪೇಟೆಂಟು ದೊರೆಯಿತು. ದಂಡಿನ ಬ್ಯಾಂಡುಗಳ ಮೂಲಕ ಲೋಕವನ್ನು ಸುತ್ತಿದ ಆ ವಾದ್ಯ ಮೈಸೂರಿನ ಅರಮನೆಯ ಬ್ಯಾಂಡನ್ನೂ ಸೇರಿತ್ತು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಜನಿಸಿದ ಗೋಪಾಲನಾಥರು ನಾಗಸ್ವರದ ಮನೆತನದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿದ ಹುಡುಗನಿಗೆ ಅದರ ಮೇಲೆ ಮನಸ್ಸು ನೆಟ್ಟಿತು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿಯೂ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣವಾಯಿತು. ಆದರೆ ಕೀಲಿ ಒತ್ತಿದರೆ ನಿಯತವಾದ ಸ್ವರವನ್ನು ಮಾತ್ರ ಕೊಡುವ ಯಂತ್ರದಿಂದ ಗಮಕವನ್ನು ಹೊರಡಿಸುವುದು ಹೇಗೆ? ಗಮಕವಿಲ್ಲದ ಸ್ವರ ಕರ್ನಾಟಕ ಸಂಗೀತದಲ್ಲಿ ಒಗ್ಗರಣೆಯಿಲ್ಲದ ಸಾರಿನಂತೆ. ವಾದ್ಯವನ್ನು ತಕ್ಕಮಟ್ಟಿಗೆ ಮಾರ್ಪಡಿಸಿಕೊಂಡು, ತುಟಿಯ ಹಿಡಿತದಿಂದಲೂ ಉಸಿರಿನ ಹದದಿಂದಲೂ ಅವರು ಆ ಕೀಲಿಗಳ ನಡುವಣ ಸಂದಿಯಲ್ಲಿ ಸ್ವರವನ್ನು ಜಾರಿಸುವುದನ್ನು ಸಾಧಿಸಿದರು. ಇದು ಒಂದೆರಡು ವರ್ಷಗಳ ಮಾತಲ್ಲ, ದೀರ್ಘ ತಪಸ್ಸು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನೇಡ್ ಕಛೇರಿಯಲ್ಲಿ ನುಡಿಸುವ ಗೌರವ ಅವರಿಗೆ ದೊರೆಯಿತು. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರಿನಲ್ಲಿ ಅವರು ನಮ್ಮನ್ನಗಲಿದರು. ಇಂದು ತುಳುನಾಡಿನ ಮದುವೆಗಳಲ್ಲಿಯೂ ದೇವಸ್ಥಾನದ ಉತ್ಸವಗಳಲ್ಲಿಯೂ ಸ್ಯಾಕ್ಸೊಫೋನ್ ಪರದೇಶದ್ದೆಂದು ಯಾರಿಗೂ ತೋರದು.

ಮಹಂತಪ್ಪನವರದು ಬೇರೆಯೇ ಕಥೆ. ಕರ್ನಾಟಕದಿಂದ ಅಮೆರಿಕೆಗೆ ಹೋಗಿ ನೆಲಸಿದ ಕುಟುಂಬ ಅವರದು; ತಂದೆ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ರುದ್ರೇಶರು ಹುಟ್ಟಿದುದು 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ, ಬೆಳೆದುದು ಕೊಲರಾಡೊ ಪ್ರಾಂತದ ಬೌಲ್ಡರ್ ಊರಿನಲ್ಲಿ. ಸ್ಯಾಕ್ಸೊಫೋನ್ ಅವರಿಗೆ ಅಮೆರಿಕೆಯ ವಾದ್ಯವಾಗಿಯೇ ಬಂದಿತು. ಕರಿಯ ಜನರು ಕಟ್ಟಿ ಬೆಳೆಸಿದ ಜಾಸ್ ಸಂಗೀತವೇ ಅವರ ಗುರುಕುಲ. ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗ ಅಣ್ಣ ಒಂದು ಮುದ್ರಿಕೆಯನ್ನು ತಮಾಷೆಗೆಂದು ಉಡುಗೊರೆ ಕೊಟ್ಟರು. ಅದರ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’, ನುಡಿಸಿದವರು ಗೋಪಾಲನಾಥರು. ಕೊಟ್ಟವರಿಗೆ ಅದು ಹಾಸ್ಯವಾಗಿತ್ತು. ಕೇಳಿದವರಿಗೆ ಹಾಸ್ಯವಾಗಿ ಉಳಿಯಲಿಲ್ಲ. ತನ್ನ ವಾದ್ಯವನ್ನೇ ಹಿಡಿದು, ತನ್ನ ಪೂರ್ವಿಕರ ನಾಡಿನಲ್ಲಿ ಕುಳಿತು, ತಾನು ಕನಸಿನಲ್ಲಿಯೂ ಎಣಿಸದ ರೀತಿಯಲ್ಲಿ ನುಡಿಸುವವರೊಬ್ಬರಿದ್ದಾರೆಂಬುದು ಆ ಯುವಕನಿಗೆ ಹೊಸ ಲೋಕವನ್ನೇ ತೋರಿತು.

ಇಲ್ಲಿ ಒಂದು ನಡುವಣ ಮೆಟ್ಟಿಲನ್ನು ಹೇಳದೆ ಮುಂದುವರಿಯಲಾಗದು. 2004ರಲ್ಲಿ ಮಹಂತಪ್ಪನವರು ‘ಮದರ್ ಟಂಗ್’, ಅರ್ಥಾತ್ ‘ಮಾತೃಭಾಷೆ’ ಎಂಬ ಮುದ್ರಿಕೆಯನ್ನು ಪ್ರಕಟಿಸಿದರು. ಅಮೆರಿಕೆಯಲ್ಲಿ ಭಾರತೀಯ ಮುಖದವರನ್ನು ಕಂಡವರು ‘ನೀವು ಇಂಡಿಯನ್ ಮಾತಾಡುತ್ತೀರಾ?’ ಎಂದು ಕೇಳುವುದುಂಟಂತೆ. ಅಂಥ ಭಾಷೆಯೇ ಇಲ್ಲವೆಂದು ತಿಳಿಯಹೇಳುವ ಉತ್ತರವನ್ನು ಅಲ್ಲಿನ ಭಾರತೀಯರ ಬಾಯಿಂದ ಅವರವರ ನುಡಿಯಲ್ಲಿ ಪಡೆದು, ಆ ಮಾತಿನ ಏರಿಳಿತವನ್ನು ಸ್ವರಲಿಪಿಗಿಳಿಸಿ, ಅದರಿಂದಲೇ ರಚನೆಗಳನ್ನು ಕಟ್ಟಿದರು. ಒಂದು ರಚನೆಯ ಹೆಸರು ‘ಕನ್ನಡ’, ಇನ್ನೊಂದು ‘ತಮಿಳ್’, ಮತ್ತೊಂದು ‘ತೆಲುಗು’. ನಮ್ಮ ಹೊಸೂರಿನ ಸಂತೆಯ ಮೂರು ನುಡಿಗಳೂ ಒಂದೇ ತಟ್ಟೆಯಲ್ಲಿ ಸೇರಿದಂತಾಯಿತು! ಮಾತನ್ನು ಕಳೆದು ಮಾತಿನ ಧಾಟಿಯನ್ನು ಮಾತ್ರ ಉಳಿಸಿಕೊಂಡ ಸಂಗೀತವದು.

ಇದು ಎಷ್ಟು ಸತ್ಯವಾದ ಸೂಕ್ಷ್ಮವೆಂಬುದನ್ನು ಗಡಿನಾಡಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನಾವು ದಿನವೂ ಕಾಣುತ್ತೇವೆ. ಮಗು ತಮಿಳು ಶಬ್ದವನ್ನಾಡಿದರೂ ವಾಕ್ಯದ ಕೊನೆಯನ್ನು ಎಳೆಯುವ ರೀತಿ ಅಜ್ಜಿಯ ಕನ್ನಡದ್ದು. ಇಂಗ್ಲಿಷ್ ಶಬ್ದದಿಂದ ಪ್ರಶ್ನೆ ಕೇಳಿದರೂ ಪ್ರಶ್ನೆಯ ಏರು ಮನೆಯದು. ಶಬ್ದ ಮೊದಲು ಹೋಗುತ್ತದೆ, ರಾಗ ಕಡೆಗೆ ಹೋಗುತ್ತದೆ. ‘ಮದರ್ ಟಂಗ್’ ಆ ಕಡೆಗೆ ಉಳಿದುದನ್ನು ಹಿಡಿದ ಮುದ್ರಿಕೆ. ಆದರೆ ಅದರಲ್ಲಿ ಒಂದು ಕೊರತೆಯಿದ್ದೇ ಇತ್ತು. ಭಾಷೆ ಅಲ್ಲಿ ಕಚ್ಚಾ ಪದಾರ್ಥ. ಸಂಸ್ಕಾರ ಕೊಟ್ಟುದು ಜಾಸ್. ಕನ್ನಡದ ಧಾಟಿ ಬಂದಿತು, ಕನ್ನಡ ನಾಡಿನ ಸಂಗೀತಬುದ್ಧಿ ಬರಲಿಲ್ಲ. ಧಾಟಿಯನ್ನು ಯಂತ್ರದಲ್ಲಿ ಹಿಡಿಯಬಹುದು. ಬುದ್ಧಿಯನ್ನು ಇನ್ನೊಬ್ಬ ಮನುಷ್ಯನ ಎದುರಿಗೆ ಕುಳಿತೇ ಪಡೆಯಬೇಕು. ‘ಕಿನ್ಸ್‌ಮೆನ್’ ಆ ಎದುರಿಗೆ ಕುಳಿತುದರ ಫಲ.

ಮೇಳದಲ್ಲಿರುವವರು ಏಳು ಮಂದಿ. ಕರ್ನಾಟಕ ಸಂಗೀತದ ಕಡೆಯಿಂದ ಗೋಪಾಲನಾಥರು, ಪಿಟೀಲಿನಲ್ಲಿ ಎ. ಕನ್ಯಾಕುಮಾರಿಯವರು, ಮೃದಂಗದಲ್ಲಿ ಪೂವಲೂರು ಶ್ರೀಜಿಯವರು. ಜಾಸ್‌ನ ಕಡೆಯಿಂದ ಮಹಂತಪ್ಪನವರು, ಗಿಟಾರಿನಲ್ಲಿ ಕರಾಚಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ರೆಜ್ ಅಬ್ಬಾಸಿಯವರು, ಬಾಸ್ ವಾದ್ಯದಲ್ಲಿ ಕಾರ್ಲೊ ಡಿ ರೋಸ, ಡ್ರಮ್ಸ್‌ನಲ್ಲಿ ರಾಯಲ್ ಹಾರ್ಟಿಗನ್. ಕನ್ಯಾಕುಮಾರಿಯವರು ಎಂ. ಎಲ್. ವಸಂತಕುಮಾರಿಯವರ ಶಿಷ್ಯೆ, ಗೋಪಾಲನಾಥರ ಕಛೇರಿಗಳಲ್ಲಿ ಬಹುಕಾಲ ಜೊತೆಗೂಡಿದವರು. ಇಬ್ಬರು ಮುಖಂಡರ ನಂಟಸ್ತನ ಹೊಸತು. ಈ ಇಬ್ಬರದು ಹಳತು. ಹೊಸ ನಂಟು ಹಳೆಯ ನಂಟಿನ ಹೆಗಲ ಮೇಲೆ ನಿಂತಿದೆಯೆಂಬುದನ್ನು ಕೇಳುಗರು ಮರೆಯಲಾಗದು.

ವಾದ್ಯ ಮಾತ್ರದ ಸಂಗೀತ ನಮಗೆ ಹೊಸದೇನೂ ಅಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಹೊಸೂರಿನ ಬೆಟ್ಟದ ಚಂದ್ರಚೂಡೇಶ್ವರಸ್ವಾಮಿಯ ರಥೋತ್ಸವದಲ್ಲಿ ನಾಗಸ್ವರ ಕೇಳದವರಾರು? ನಿಜ. ಆದರೆ ನಮ್ಮ ನಾಗಸ್ವರ, ವೀಣೆ, ಪಿಟೀಲುಗಳಲ್ಲಿ ಮಾತಿಲ್ಲವೆಂಬುದು ತೋರಿಕೆಯ ಮಾತು. ವಾದ್ಯಗಾರನು ಕೃತಿಯೊಂದನ್ನು ಎತ್ತಿಕೊಂಡರೆ ಅದರ ಸಾಹಿತ್ಯ ಅವನ ಬೆರಳಿನಲ್ಲಿರುತ್ತದೆ, ಕೇಳುವವನ ನಾಲಗೆಯ ತುದಿಯಲ್ಲಿರುತ್ತದೆ. ತ್ಯಾಗರಾಜರ ಕೃತಿಯನ್ನು ನುಡಿಸಿದರೆ ತೆಲುಗು ಬಲ್ಲವನು ತೆಲುಗನ್ನೇ ಕೇಳುತ್ತಾನೆ. ದೇವರನಾಮವನ್ನು ನುಡಿಸಿದರೆ ಕನ್ನಡದ ಮುದುಕಿ ಒಳಗೊಳಗೇ ಪಲ್ಲವಿಯನ್ನು ಹೇಳಿಕೊಳ್ಳುತ್ತಾಳೆ. ಅದು ಮಾತು ಮರೆಯಲ್ಲಿ ನಿಂತ ಸಂಗೀತ. ‘ಕಿನ್ಸ್‌ಮೆನ್’ನಲ್ಲಿ ಮರೆಯಲ್ಲಿಯೂ ಮಾತಿಲ್ಲ. ಒಳಗೊಳಗೇ ಹೇಳಿಕೊಳ್ಳಲು ಪಲ್ಲವಿಯಿಲ್ಲದ ಕೇಳುಗ ಆಸರೆ ಕಳೆದುಕೊಂಡವನಂತೆ ಮೊದಲು ತಡಬಡಿಸುತ್ತಾನೆ. ಈ ತಡಬಡಿಕೆಯನ್ನು ದಾಟಿದವನಿಗೆ ಮಾತ್ರ ಮುದ್ರಿಕೆ ಒಲಿಯುತ್ತದೆ.

ಹಾಗೆ ನೋಡಿದರೆ ಮಾತಿಲ್ಲದ ಸ್ವರವೂ ನಮ್ಮ ಮನೆಯದೇ. ಕರ್ನಾಟಕ ಸಂಗೀತವನ್ನು ಕಲಿಯುವ ಮಗು, ಅದರ ಮಾತೃಭಾಷೆ ಯಾವುದೇ ಇರಲಿ, ಮಾಯಾಮಾಳವಗೌಳ ರಾಗದ ಸರಳೆ, ಜಂಟಿವರಸೆಗಳಿಂದ ಆರಂಭಿಸುತ್ತದೆ. ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬಿದೆ. ಮೊದಲು ಬರಿಯ ಸ್ವರ. ಆಮೇಲೆ ಪಿಳ್ಳಾರಿ ಗೀತೆಗಳ ಮೂಲಕ ಮಾತು. ತಂಜಾವೂರಿನ ಮಗುವೂ ವಿಜಯನಗರದ ಮಗುವೂ ಹೀಗೆ ಕನ್ನಡದ ದಾಸರ ಕೈಹಿಡಿದೇ ನಡೆದಿವೆ. ಸ್ವರ ಎಲ್ಲರದೂ ಆಗಬಲ್ಲುದು, ಮಾತು ಒಂದು ಮನೆಯದಾಗಿಯೇ ಇರಬಲ್ಲುದು, ಎರಡೂ ಒಂದೇ ಪುಸ್ತಕದ ಎರಡು ಪುಟಗಳಾಗಬಲ್ಲುವು ಎಂಬುದನ್ನು ನಮ್ಮ ಹಿರಿಯರು ತಿಳಿದಿದ್ದರು.

ಇನ್ನು ಮುದ್ರಿಕೆಯ ಒಳಗನ್ನು ನೋಡೋಣ. ಮೊದಲಿಗೆ ಕಿವಿಯನ್ನು ಸೆಳೆಯುವುದು ಎರಡು ಸ್ಯಾಕ್ಸೊಫೋನುಗಳ ಧ್ವನಿಭೇದ. ಗೋಪಾಲನಾಥರ ಸ್ವರ ದುಂಡಗೆ, ಸ್ವಲ್ಪ ಮೂಗಿನಿಂದ ಹೊರಡುವಂತೆ, ನಾಗಸ್ವರದ ನೆನಪನ್ನು ಹೊತ್ತುಬರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನೆಲ ಬಿಡದೆ ಹರಿಯುತ್ತದೆ. ಮಹಂತಪ್ಪನವರ ಸ್ವರ ಚೂಪು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುತ್ತದೆ. ಉಸಿರು ಕಟ್ಟಿಸುವ ವೇಗ ಅದರ ಗುಣ. ‘ಗಣೇಶ’ ಎಂಬ ರಚನೆಯಲ್ಲಿ ಈ ಭೇದವನ್ನು ಮುಚ್ಚುವ ಯತ್ನವಿಲ್ಲ. ಇಬ್ಬರೂ ತಮ್ಮ ತಮ್ಮ ಉಚ್ಚಾರಣೆಯನ್ನು ಬಿಡದೆ ಒಂದೇ ಮಾತನ್ನಾಡುವಂತೆ ತೋರುತ್ತದೆ. ಕುಂದಾಪುರದವನೂ ಕೊಳ್ಳೇಗಾಲದವನೂ ಕನ್ನಡದಲ್ಲಿ ಮಾತಾಡಿಕೊಂಡ ಹಾಗೆ. ಸಮ್ಮಿಶ್ರ ಸಂಗೀತವೆಂಬ ಹೆಸರಿನಲ್ಲಿ ಬರುವ ಬಹುಪಾಲು ಮುದ್ರಿಕೆಗಳು ಎಲ್ಲವನ್ನೂ ನುಣ್ಣಗೆ ಅರೆದು ಒಂದೇ ರುಚಿಗೆ ತರುವ ಕಾಲದಲ್ಲಿ ಇದು ದೊಡ್ಡ ಸಂಯಮ.

ಎರಡನೆಯದು, ದೀರ್ಘ ರಚನೆಗಳ ನಡುವೆ ಇಟ್ಟಿರುವ ಚಿಕ್ಕ ಚಿಕ್ಕ ಆಲಾಪಗಳು. ಒಂದರಲ್ಲಿ ಅಬ್ಬಾಸಿಯವರ ಗಿಟಾರು ಒಂಟಿಯಾಗಿ ಮಾತಾಡುತ್ತದೆ. ಇನ್ನೊಂದರಲ್ಲಿ ಕಾರ್ಲೊ ಅವರ ಬಾಸ್. ಮತ್ತೊಂದರಲ್ಲಿ ಕನ್ಯಾಕುಮಾರಿಯವರ ಪಿಟೀಲು. ಆಲಾಪವೆಂಬುದು ನಮ್ಮ ವಿಧಿ. ಅದನ್ನು ಪರದೇಶದ ವಾದ್ಯಗಾರರಿಗೂ ಕೊಟ್ಟು, ತಾಳದ ಹಂಗಿಲ್ಲದೆ ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಒಬ್ಬೊಬ್ಬರಿಗೂ ಒದಗಿಸಿದುದು ಮುದ್ರಿಕೆಯ ಅತ್ಯುತ್ತಮ ಯೋಜನೆ. ನಂಟರು ಮನೆಗೆ ಬಂದಾಗ ಊಟಕ್ಕೆ ಮುಂಚೆ ಜಗಲಿಯಲ್ಲಿ ಕುಳಿತು ಕುಶಲಪ್ರಶ್ನೆ ಮಾಡುವ ಸಂಪ್ರದಾಯವಿದೆಯಷ್ಟೆ. ಅದಿಲ್ಲದೆ ಬಡಿಸಿದ ಎಲೆ ಛತ್ರದ ಎಲೆಯಾಗುತ್ತದೆ.

ಮೂರನೆಯದು ಲಯ. ಜಾಸ್‌ನ ಡ್ರಮ್ಸ್ ಮತ್ತು ಮೃದಂಗ ಒಂದೇ ಚಾವಡಿಯಲ್ಲಿ ಕುಳಿತರೆ ದನಿ ಎತ್ತಿದವನದೇ ಗೆಲವಾಗುವುದು ಲೋಕಾನುಭವ. ಇಲ್ಲಿ ಹಾರ್ಟಿಗನ್ ಅವರು ಬಹುತೇಕ ಕಡೆ ಕೈ ತಡೆದು, ಶ್ರೀಜಿಯವರ ಲೆಕ್ಕಾಚಾರಕ್ಕೆ ಎಡೆಮಾಡಿಕೊಡುವರು. ‘ಸ್ನೇಕ್!’ ಎಂಬ ರಚನೆಯ ಹೆಸರೇ ಹಾವು. ಅದರ ಸುತ್ತು, ಸುಳಿವುಗಳಲ್ಲಿ ಲಯದ ಈ ಸಹಕಾರ ಕೇಳುವಂತಿದೆ.

ಪಶ್ಚಿಮದಲ್ಲಿ ಈ ಮೂರು ದಶಕಗಳಿಂದ ಮಾತಿಲ್ಲದ ಬ್ಯಾಂಡುಗಳ ಇನ್ನೊಂದು ಪಂಥ ಬೆಳೆದಿದೆ. 1994ರಲ್ಲಿ ಇಂಗ್ಲೆಂಡಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ ಅದಕ್ಕೆ ‘ಪೋಸ್ಟ್ ರಾಕ್’ ಎಂಬ ಹೆಸರನ್ನು ರೂಢಿಗೆ ತಂದನು. ರಾಕ್ ಸಂಗೀತದ ಗಿಟಾರು, ಡ್ರಮ್ಸ್‌ಗಳನ್ನೇ ಹಿಡಿದು, ಹಾಡನ್ನು ಬಿಟ್ಟು, ಧ್ವನಿಯ ಪದರಗಳನ್ನು ಮೆಲ್ಲಮೆಲ್ಲನೆ ಪೇರಿಸುವುದು ಅದರ ಮಾರ್ಗ. ಸ್ಕಾಟ್ಲೆಂಡಿನ ಮೊಗ್ವಾಯ್ ಬ್ಯಾಂಡಿನ ಮೊದಲ ಮುದ್ರಿಕೆ 1997ರಲ್ಲಿ ಬಂದಿತು. ನಮ್ಮ ದೇಶದಲ್ಲಿ ಅಹಮದಾಬಾದಿನ ‘ಆಸ್‌ವಿಕೀಪ್‌ಸರ್ಚಿಂಗ್’ ಎಂಬ ತಂಡ 2015ರಲ್ಲಿ ‘ಖ್ವಾಬ್’ ಎಂಬ ತನ್ನ ಚೊಚ್ಚಲ ಮುದ್ರಿಕೆಯನ್ನು ಹೊರತಂದಿತು. ಈ ಪಂಥದ ಸಂಗೀತ ಬಹುಮಟ್ಟಿಗೆ ಕಡಲಿನಂತೆ: ಪಿಸುದನಿಯಿಂದ ಎದ್ದು, ಏರಿ, ಅಪ್ಪಳಿಸಿ, ಇಳಿಯುತ್ತದೆ. ಅಲ್ಲಿ ವ್ಯಕ್ತಿ ಮುಳುಗುತ್ತಾನೆ. ಅಲೆ ಮಾತ್ರ ಕಾಣುತ್ತದೆ. ‘ಕಿನ್ಸ್‌ಮೆನ್’ ಆ ಪಂಥದ್ದಲ್ಲ; ಆದರೂ ಹೋಲಿಸುವುದರಿಂದ ಒಂದು ಪ್ರಯೋಜನವಿದೆ. ಎರಡರಲ್ಲಿಯೂ ಮಾತಿಲ್ಲ; ಆದರೆ ಇಲ್ಲಿ ಮಾತಿಲ್ಲದೆಯೂ ಸಂಭಾಷಣೆಯಿದೆ. ಒಬ್ಬನು ನುಡಿದು ನಿಲ್ಲುತ್ತಾನೆ, ಇನ್ನೊಬ್ಬನು ಕೇಳಿ ಉತ್ತರಿಸುತ್ತಾನೆ. ಮೌನವನ್ನು ಧ್ವನಿಯಿಂದ ತುಂಬುವುದು ಒಂದು ಕಲೆ. ಇನ್ನೊಬ್ಬನು ನುಡಿಯುವಾಗ ಸುಮ್ಮನಿರುವುದು ಅದಕ್ಕಿಂತ ಮೇಲಾದ ಕಲೆಯೆಂದು ನಾವು ಭಾವಿಸುತ್ತೇವೆ.

ದೋಷಗಳನ್ನು ಹೇಳದಿದ್ದರೆ ವಿಮರ್ಶೆ ಬಿನ್ನವತ್ತಳೆಯಾಗುತ್ತದೆ. ಮೊದಲನೆಯ ದೋಷ, ಅವಸರ. ಮೇಲೆ ಹೊಗಳಿದ ಆಲಾಪಗಳೇ ಅತಿ ಚಿಕ್ಕವು. ಬಾಗಿಲು ತೆರೆಯುವಷ್ಟರಲ್ಲಿ ಮುಗಿಯುತ್ತವೆ. ಕನ್ಯಾಕುಮಾರಿಯವರಂಥ ವಿದುಷಿಗೆ ಇನ್ನೂ ವಿಸ್ತಾರವಾದ ಅವಕಾಶ ಸಲ್ಲಬೇಕಾಗಿತ್ತು. ಎರಡನೆಯದು ಇನ್ನೂ ಆಳದ್ದು. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಗುಚ್ಛವನ್ನು ಕಟ್ಟುವರು. ಗುಚ್ಛ ಬದಲಾದಂತೆ ಕೇಳುವವನ ಆಧಾರವೂ ಬದಲಾಗುತ್ತದೆ. ನಮ್ಮ ರಾಗಕ್ಕಾದರೋ ಷಡ್ಜವೊಂದೇ ನೆಲ, ಅದು ಅಲುಗಕೂಡದು. ‘ಕಲ್ಯಾಣಿ’ ಎಂಬ ರಚನೆಯನ್ನು ಕೇಳುವಾಗ ಈ ತೊಡಕು ಮನಸ್ಸಿಗೆ ಬರದಿರದು. 65ನೆಯ ಮೇಳವಾದ ಕಲ್ಯಾಣಿಯ ಸ್ವರಶ್ರೇಣಿ ಪಾಶ್ಚಾತ್ಯರ ಲಿಡಿಯನ್ ಶ್ರೇಣಿಗೆ ಸರಿಹೊಂದುತ್ತದೆ. ಆದುದರಿಂದಲೇ ಅದು ಸಂಗಮಕ್ಕೆ ಸುಲಭವೆಂದು ತೋರುತ್ತದೆ. ಆದರೆ ಶ್ರೇಣಿ ರಾಗವಲ್ಲ. ಕಲ್ಯಾಣಿಯ ಜೀವ ಅದರ ಪ್ರತಿಮಧ್ಯಮವನ್ನು ತೂಗುವ ಬಗೆಯಲ್ಲಿದೆ. ಗೋಪಾಲನಾಥರು ತೂಗುವಲ್ಲಿ ರಾಗ ಕಣ್ಣು ಬಿಡುತ್ತದೆ. ಉಳಿದೆಡೆ ಅದರ ಚಿತ್ರಪಟ ಕಾಣುತ್ತದೆ. ಅಕ್ಷರಮಾಲೆ ಬಂದವನಿಗೆಲ್ಲ ಭಾಷೆ ಬಂದಂತಾಗಲಿಲ್ಲವೆಂಬುದು ನಮ್ಮ ವೃತ್ತಿಯವರಿಗೆ ತಿಳಿದ ವಿಷಯ. ಹಾಗೆಂದು ಇದನ್ನು ತಿರಸ್ಕಾರವಾಗಿ ಯಾರೂ ಎಣಿಸಬಾರದು. ಕಲಿಯುವವನ ಉಚ್ಚಾರಣೆಯಲ್ಲಿ ಪರಸೀಮೆಯ ವಾಸನೆಯಿರುವುದು ಸಹಜ. ಅದನ್ನು ಮುಚ್ಚಿಡದೆ ನುಡಿಸಿದ ಮಹಂತಪ್ಪನವರ ಪ್ರಾಮಾಣಿಕತೆಯೇ ದೊಡ್ಡದು.

ಈಗ ಮೊದಲು ಮಾತುಕೊಟ್ಟ ಕಠಿನವಾದ ವಿಷಯಕ್ಕೆ ಬರೋಣ. ಹೊರನಾಡಿನಲ್ಲಿ ಕನ್ನಡದ ಹೆಸರಿನವನೊಬ್ಬನು ಹೆಸರು ಮಾಡಿದೊಡನೆ ‘ಇವನು ನಮ್ಮವನು’ ಎಂದು ಸಂಘಗಳು ಗೊತ್ತುವಳಿ ಮಾಡುವುದುಂಟು. ಮಹಂತಪ್ಪನವರನ್ನೂ ಹಾಗೆ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಈ ಮುದ್ರಿಕೆ ಅಂಥ ಹಕ್ಕಿನ ಮಾತಿಗೆ ಒಪ್ಪುವುದಿಲ್ಲ. ಅವರ ಹೆಸರು, ಅವರ ತಂದೆತಾಯಿಗಳ ಊರು ಅವರಿಗೆ ಕಲ್ಯಾಣಿಯನ್ನು ಕೊಡಲಿಲ್ಲ. ಹುಟ್ಟಿನಿಂದ ಬಂದ ನಂಟು ಬಹುಕಾಲ ಕಾಗದದ ಮೇಲಷ್ಟೇ ಇದ್ದಿತು; ತಮಾಷೆಯ ಉಡುಗೊರೆಯೊಂದನ್ನು ಗಂಭೀರವಾಗಿ ಕೇಳಿದಂದಿನಿಂದ ಅದು ಜೀವ ತಳೆಯತೊಡಗಿತು. ಅತ್ತ ಕರಾಚಿಯ ಅಬ್ಬಾಸಿಗಾಗಲಿ, ಡ್ರಮ್ಸ್‌ನ ಹಾರ್ಟಿಗನ್ನರಿಗಾಗಲಿ ಕನ್ನಡದೊಡನೆ ಯಾವ ರಕ್ತಸಂಬಂಧವೂ ಇಲ್ಲ. ಆದರೂ ಈ ಮೇಳದಲ್ಲಿ ಅವರು ನಂಟರೇ. ಗೋಪಾಲನಾಥರ ಪಕ್ಕದಲ್ಲಿ ಕುಳಿತು ಕೇಳಿದುದರಿಂದ ನಂಟರು. ಹುಟ್ಟು ಬಾಗಿಲವರೆಗೆ ತಂದು ಬಿಡಬಹುದು. ಒಳಗೆ ಕರೆದೊಯ್ಯುವುದು ಕಿವಿ.

ಈ ಮಾತು ಎರಡು ಕಡೆಗೂ ಹರಿತವಾದ ಕತ್ತಿ. ಕನ್ನಡದ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಲ್ಲಿ ಕನ್ನಡ ಉಳಿಯುವುದೆಂದು ನಂಬಿ ಕುಳಿತವರಿಗೆ ಇದರಲ್ಲಿ ಎಚ್ಚರಿಕೆಯಿದೆ. ಧಾಟಿ ಉಳಿದೀತು, ಹೆಸರು ಉಳಿದೀತು, ಮದುವೆಯ ಲಗ್ನಪತ್ರಿಕೆಯ ಒಂದು ಸಾಲು ಉಳಿದೀತು. ಎದುರಿಗೆ ಕುಳಿತು ಕೇಳಿಸುವವರೂ ಕೇಳುವವರೂ ಇಲ್ಲದಿದ್ದರೆ ಬುದ್ಧಿ ಉಳಿಯದು. ಸಂಗೀತಕ್ಕೆ ಮಾತಿಲ್ಲದೆ ನಡೆದೀತು, ಏಕೆಂದರೆ ಅದಕ್ಕೆ ಸ್ವರವಿದೆ. ಭಾಷೆಗೆ ಮಾತನ್ನು ಬಿಟ್ಟರೆ ಬೇರೆ ಒಡವೆಯಿಲ್ಲ. ಆದುದರಿಂದ ‘ಕಿನ್ಸ್‌ಮೆನ್’ ಮಾತಿಲ್ಲದೆ ಸಾಧಿಸಿದುದನ್ನು ಕಂಡು, ಮಾತು ಹೋದರೂ ಚಿಂತೆಯಿಲ್ಲವೆಂದು ಯಾರಾದರೂ ಸಮಾಧಾನ ತಂದುಕೊಂಡರೆ ಅವರು ಮುದ್ರಿಕೆಯನ್ನು ತಪ್ಪಾಗಿ ಕೇಳಿದಂತೆ. ಹಾಗೆಯೇ, ಮನೆಯಲ್ಲಿ ತೆಲುಗೋ ತಮಿಳೋ ಆಡುವ ಮಗುವೊಂದು ಕನ್ನಡದ ಪದ್ಯವನ್ನು ಆಸೆಯಿಂದ ಕೇಳಿ ಕಲಿತರೆ, ಆ ಮಗು ನಮ್ಮ ನಂಟರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮೂರು ನುಡಿಗಳ ಈ ಸೀಮೆಯಲ್ಲಿ ಇದನ್ನು ನೆನಪಿಡುವುದು ಕನ್ನಡಕ್ಕೂ ಹಿತ, ನೆರೆಹೊರೆಗೂ ಹಿತ.

ಗೋಪಾಲನಾಥರು ಈಗಿಲ್ಲ, ಆ ಏಳು ಮಂದಿಯನ್ನು ಮತ್ತೊಮ್ಮೆ ಅದೇ ವೇದಿಕೆಯಲ್ಲಿ ಕೇಳುವ ಭಾಗ್ಯ ಇನ್ನಾರಿಗೂ ಇಲ್ಲ. ಉಳಿದಿರುವುದು ಈ ಮುದ್ರಿಕೆ. ಸಂಘದ ಮಾಸಿಕ ಕೂಟವೊಂದರಲ್ಲಿ ಭಾಷಣಗಳನ್ನು ಅರ್ಧಕ್ಕಿಳಿಸಿ ಇದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಬೇಕೆಂದು ಕಾರ್ಯಕಾರೀ ಮಂಡಲಿಯವರನ್ನು ನಾವು ಪ್ರಾರ್ಥಿಸುತ್ತೇವೆ. ಮೊದಲ ಸಲ ಕೇಳಿದವರಿಗೆ ಗದ್ದಲವೆನಿಸಿದರೆ ಆಶ್ಚರ್ಯವಿಲ್ಲ. ಎರಡನೆಯ ಸಲ ಗೋಪಾಲನಾಥರ ವಾದ್ಯವನ್ನೊಂದನ್ನೇ ಹಿಂಬಾಲಿಸಿ ಕೇಳಲಿ. ಮೂರನೆಯ ಸಲ ಮಹಂತಪ್ಪನವರದನ್ನು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೇಳುವುದು ತಾನಾಗಿಯೇ ಬರುತ್ತದೆ.